ಹ್ಯಾನಾಳ ತಾಯಿ ಯಾರು?

ಬೆಳಗಿನ ಐದೂವರೆ. ಶೆಫೀಲ್ಡ್‌ನ ಈ ಬೀದಿಯಲ್ಲಿ ದೀಪ ಉರಿಯುತ್ತಿರುವುದು ನೀಲಾವತಿಯವರ ಅಡುಗೆಮನೆಯಲ್ಲಿ ಮಾತ್ರ. ಲ್ಯಾಪ್‌ಟಾಪ್ ಪರದೆಯ ಮೇಲೆ ಮುನ್ನೂರೈವತ್ತು ವರ್ಷ ಹಳೆಯ ಚರ್ಚ್ ದಾಖಲೆಯ ಪುಟವಿದೆ. ಶಾಯಿಯಲ್ಲಿ ಜಿರಳೆ ಓಡಾಡಿದಂತಿರುವ ಆ ಬರಹದಿಂದ ಕಣ್ಣೆತ್ತದೆ ಅವರು ನನ್ನನ್ನು ಕೇಳುತ್ತಾರೆ: "ಪತ್ರಿಕೆಯವರು ಅಂದ್ರಿ. ಕಾರ್ಡ್ ಉಂಟಾ?"

ಕೊಡುತ್ತೇನೆ. ಎರಡೂ ಬದಿ ನೋಡಿ ಹಿಂದಿರುಗಿಸುತ್ತಾರೆ. ನಿಜ ಹೇಳಬೇಕೆಂದರೆ ನನಗೂ ಅವರ ಮೇಲೆ ಅನುಮಾನವೇ. ಕಾರ್ಕಳ ಕಡೆಯ ಅರವತ್ಮೂರರ ಹೆಂಗಸು, ಇಂಗ್ಲಿಷರೇ ಓದಲಾರದ ಬರಹ ಓದಿ ಅಮೆರಿಕದವರಿಗೆ ಪೂರ್ವಜರನ್ನು ಹುಡುಕಿಕೊಡುತ್ತಾರೆ ಎಂದರೆ ಸುಲಭಕ್ಕೆ ನಂಬಿಕೆ ಬರುತ್ತದೆಯೇ?

"ಆಸ್ಪತ್ರೆ ರೆಕಾರ್ಡ್ಸ್‌ನಲ್ಲಿ ಇಪ್ಪತ್ತು ವರ್ಷ ಡಾಕ್ಟರ್‌ಗಳ ಅಕ್ಷರ ಓದಿದವಳು ನಾನು. ಇದೆಂಥ ದೊಡ್ಡದು ಮಾರಾಯ್ರೆ?"

ಹನ್ನೊಂದು ವರ್ಷಗಳಿಂದ ವಂಶಾವಳಿ ಮಾಡಿಕೊಡುವ ಒಂದು ಕಂಪನಿಗಾಗಿ ದಿನಕ್ಕೆ ನೂರೈವತ್ತು ನಮೂದು ಓದುತ್ತಿದ್ದಾರೆ. ವರದಿಯ ಕೆಳಗೆ ಸಹಿ ಬೇರೆಯವರದು. ಮೊದಮೊದಲು ಒಂದು ವಂಶದಲ್ಲಿ ಮಗನನ್ನು ಬಿಟ್ಟು ಸೋದರಳಿಯನಿಂದ ಮುಂದುವರಿಸಿ ನಗೆಪಾಟಲಾಗಿದ್ದರಂತೆ. "ನಮ್ಮ ತುಳುವರಲ್ಲಿ ಬಳಿ, ಅಂದ್ರೆ ಕುಲ, ತಾಯಿಯಿಂದ ಬರುವುದಲ್ವಾ? ಕೈ ಅದೇ ದಾರಿ ಹಿಡಿದುಬಿಡ್ತು."

ಈಗ ಅದೇ ಅಭ್ಯಾಸ ಒಂದು ಜಗಳ ತಂದಿಟ್ಟಿದೆ. 1674ರಲ್ಲಿ ಈ ಕಡೆಯಿಂದ ಅಮೆರಿಕದ ಮೇರಿಲ್ಯಾಂಡ್ ವಸಾಹತಿಗೆ ಹೋದ ಹ್ಯಾನಾ ಎಂಬಾಕೆ ಜಮೀನ್ದಾರನ ಮಗಳು ಎಂದು ಆಕೆಯ ಇಂದಿನ ವಂಶಸ್ಥರು ಹೇಳಿಕೊಳ್ಳುತ್ತಾರೆ. ಜಮೀನ್ದಾರನಿಗೆ ಹ್ಯಾನಾ ಎಂಬ ಮಗಳು ಹುಟ್ಟಿ ನಾಮಕರಣವಾದದ್ದು ಚರ್ಚ್ ದಾಖಲೆಯಲ್ಲಿ ಇರುವುದೂ ಹೌದು.

"ಹುಟ್ಟಿದ್ದು ನೋಡಿ ಎಲ್ಲರೂ ಎದ್ದು ಹೋಗಿದ್ದಾರೆ. ನಾನು ಮುಂದಿನ ಪುಟಗಳನ್ನೂ ಓದಿದೆ. ಮೂರು ವರ್ಷಕ್ಕೆ ಆ ಮಗುವನ್ನು ಮಣ್ಣು ಮಾಡಿದ್ದಾರೆ. ಸತ್ತ ಮಗು ಹಡಗು ಹತ್ತುವುದು ಹೇಗೆ?"

ಅದೇ ಊರಿನಲ್ಲಿ ಇನ್ನೊಬ್ಬ ಹ್ಯಾನಾ ಇದ್ದಳು, ಚಾಕು ಸಾಣೆ ಹಿಡಿಯುವವನ ಮಗಳು. ಅಪ್ಪನ ಅಡ್ಡಹೆಸರು ಹಿಡಿದು ಹುಡುಕಿದವರಿಗೆ ಅವಳ ಬಗ್ಗೆ ಮುಂದೇನೂ ಸಿಗಲಿಲ್ಲ. ನೀಲಾವತಿ ಅಪ್ಪನನ್ನು ಬಿಟ್ಟು ತಾಯಿಯ ಬೆನ್ನು ಹತ್ತಿದರು. ತಾಯಿ ಆಲಿಸ್ ವಿಧವೆಯಾಗಿ ಮರುಮದುವೆಯಾಗಿದ್ದಳು. ಅವಳ ಉಯಿಲು ಎರಡನೇ ಗಂಡನ ಅಡ್ಡಹೆಸರಿನಡಿ ಇತ್ತು. ಅದರ ಒಂದು ಸಾಲನ್ನು ನನಗೆ ಕನ್ನಡದಲ್ಲಿ ಓದಿ ಹೇಳುತ್ತಾರೆ: "ಮೇರಿಲ್ಯಾಂಡಿನಲ್ಲಿರುವ ನನ್ನ ಮಗಳು ಹ್ಯಾನಾಗೆ, ಅವಳು ಬದುಕಿದ್ದರೆ, ನನ್ನ ಹಿತ್ತಾಳೆ ಪಾತ್ರೆ."

'ಅವಳು ಬದುಕಿದ್ದರೆ' ಎಂಬುದನ್ನು ಇನ್ನೊಮ್ಮೆ ಓದುತ್ತಾರೆ. ನನ್ನ ಅನುಮಾನ ಅಲ್ಲಿಗೆ ಮುಗಿಯಿತು.

ಕಂಪನಿಗೆ ಮಾತ್ರ ಇದು ಬೇಡ; ದುಡ್ಡು ಕೊಡುವ ವಂಶಸ್ಥರಿಗೆ ಜಮೀನ್ದಾರನೇ ಬೇಕು. ಮಗು ಸತ್ತ ಸಾಲನ್ನು ತೆಗೆದು ಇವತ್ತು ಒಂಬತ್ತರೊಳಗೆ ವರದಿ ಕಳಿಸದಿದ್ದರೆ ಇನ್ನು ಕೆಲಸ ಕೊಡುವುದಿಲ್ಲವೆಂದು ನಿನ್ನೆ ಮೇಲ್ ಬಂದಿದೆ.

"ಹೋದರೆ ಹೋಗಲಿ ಅನ್ನಲಿಕ್ಕೆ ನನಗೇನು ಖುಷಿಯಾ? ಈ ಕೆಲಸ ಬಿಟ್ಟರೆ ಬೆಳಿಗ್ಗೆ ಎದ್ದು ನಾನೇನು ಮಾಡುವುದು?" ಅನ್ನುತ್ತಾರೆ. ಹೆದರಿಕೆ ಮುಖದಲ್ಲೇ ಕಾಣುತ್ತದೆ. ಆದರೂ ಆ ಸಾಲನ್ನು ಮುಟ್ಟುವುದಿಲ್ಲ. ಹ್ಯಾನಾಳ ಹೆಸರಿನ ಮೇಲೆ 'ತಾಯಿ: ಆಲಿಸ್' ಎಂದು ಸೇರಿಸಿ, ಇನ್ನೂ ಏಳಾಗುವ ಮೊದಲೇ ವರದಿ ಕಳಿಸಿಬಿಡುತ್ತಾರೆ.

ನಿಮ್ಮ ಹೆಸರು ಎಲ್ಲೂ ಇಲ್ಲವಲ್ಲ ಎನ್ನುತ್ತೇನೆ.

"ನನ್ನದು ಯಾಕೆ? ಇಷ್ಟು ವರ್ಷ ಆ ಹುಡುಗಿಯನ್ನು ದೊಡ್ಡವರ ಮನೆಗೆ ಸೇರಿಸಿ ಇಟ್ಟಿದ್ದಾರೆ. ಅವಳಿಗಾಗಿ ಪಾತ್ರೆ ತೆಗೆದಿಟ್ಟ ತಾಯಿಗೆ ಅವಳನ್ನು ವಾಪಸ್ ಕೊಡಲಿ, ಅಷ್ಟು ಸಾಕು."