ಸೊನ್ನೆ ಬರೆದ ಡಿಸ್ಕ್

ದೆವ್ವ, ಶಕುನ ಎಂದೆಲ್ಲ ನಂಬಿದವಳಲ್ಲ ನಾನು. ಕಾನ್ವೆಂಟಿನಲ್ಲಿ ಅಂಥ ಮಾತಾಡಿದರೆ ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ನಮ್ಮ ಒಬ್ಬಳೇ ಮಗಳು ವೈದೇಹಿ ಎಂಟನೇ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡಳು. ನಾನು ಕನ್ನಡದಲ್ಲಿ ಊಟಕ್ಕೆ ಕರೆದರೆ "ಬಂದೆ" ಎನ್ನದೆ "ಇರುಮ್ಮಾ, ವರೇನ್" ಎಂದು ತಮಿಳಿನಲ್ಲೇ ಓಗೊಡುತ್ತಿದ್ದ ಅವಳ ದನಿ, ವಿಡಿಯೋಗಳಲ್ಲಿ, ಒಂದೇ ಒಂದು ಹಾರ್ಡ್ ಡಿಸ್ಕ್‌ನಲ್ಲಿ ಉಳಿದಿತ್ತು. ಅದಕ್ಕೆ ಇನ್ನೊಂದು ಕಾಪಿ ಮಾಡಿಡಬೇಕೆಂದು ಯಜಮಾನರು ಆಫೀಸಿನಲ್ಲಿ ಬಿಸಾಡಿದ ಹಳೆಯ ಡಿಸ್ಕ್‌ಗಳನ್ನು ವೆಸ್ಟ್ ಮಾಂಬಲಂನ ನಮ್ಮ ಫ್ಲಾಟಿಗೆ ತಂದು ಪರೀಕ್ಷಿಸುತ್ತಿದ್ದರು. ಮೂಲೆಮೂಲೆಗೂ ಸೊನ್ನೆ ಬರೆಸಿ, ತಿರುಗಿ ಓದಿಸಿ, ತಪ್ಪಿಲ್ಲದಿದ್ದರೆ ಆ ಡಿಸ್ಕನ್ನು ನಂಬಬಹುದಂತೆ. ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ.

ಆಯುಧಪೂಜೆಗೆ ನಾನು ವೈದೇಹಿಯದೂ ಸೇರಿ ಎಲ್ಲ ಡಿಸ್ಕ್‌ಗಳನ್ನೂ ಒದ್ದೆಬಟ್ಟೆಯಲ್ಲಿ ಒರೆಸಿ ಗಂಧ ಕುಂಕುಮ ಇಟ್ಟೆ.

"ಒಂದೊಂದು ತುತ್ತು ಕಡಲೆ ಸುಂಡಲ್ಲೂ ತಿನ್ನಿಸ್ಬಿಡೇ," ಎಂದು ಅವರು ನಕ್ಕರು. ಅವರು ನಕ್ಕು ಎಷ್ಟೋ ದಿನವಾಗಿತ್ತು.

ಯಾವ ಡಿಸ್ಕ್ ಯಾವುದೆಂದು ಅವರು ಬರೆದು ಅಂಟಿಸಿದ್ದ ಚೀಟಿಗಳು ಒರೆಸುವಾಗ ನೆನೆದಿದ್ದವು; ಅವನ್ನು ಕಿತ್ತು, ಒಣಗಿಸಿ, ಮತ್ತೆ ಅಂಟಿಸಿದ್ದೆ. ಎಲ್ಲವೂ ಒಂದೇ ಥರದ ಡಿಸ್ಕ್‌ಗಳು.

ಎರಡು ದಿನದ ಮೇಲೆ ಒಂದು ಡಿಸ್ಕ್ ಪಾಸಾಯಿತು. ಕಾಪಿ ಮಾಡಲೆಂದು ವೈದೇಹಿಯದೆಂದು "ಪಾಪು" ಎಂಬ ಚೀಟಿಯಿದ್ದದ್ದನ್ನು ಜೋಡಿಸಿದರೆ ಅದರಲ್ಲಿ ಯಾರದೋ ಆಫೀಸಿನ ಫೈಲುಗಳು.

"ಚೀಟಿ ಮುಟ್ಟಿದ್ಯೇನೇ?"

"ಒರೆಸೋಕೆ ಕಿತ್ತಿದ್ದೆ ರೀ..."

ಸೊನ್ನೆ ಬರೆಸಿಕೊಂಡು ಪಾಸಾಗಿದ್ದೇ ವೈದೇಹಿಯ ಡಿಸ್ಕ್. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಮಧ್ಯಾಹ್ನ ಕರೆಂಟ್ ಹೋಗಿತ್ತು. ಆ ಡಿಸ್ಕ್ ಊಟದ ಮೇಜಿನ ಮೇಲೆ ವೈರಿಲ್ಲದೆ ಬಿದ್ದಿತ್ತು. ಅದರ ಕುಂಕುಮ ನೋಡಲಾಗದೆ ಒರೆಸಲು ಎತ್ತಿಕೊಂಡೆ. ಬೆಚ್ಚಗಿತ್ತು. ಒಳಗೆ ಏನೋ ತಿರುಗುತ್ತಿತ್ತು. ಅಂಗೈಗೆ ಸಣ್ಣ ನಡುಕ ಸಿಗುತ್ತಿತ್ತು. ಅವರನ್ನು ಕೂಗಿದೆ. ಅವರೂ ಕೈಯಿಟ್ಟರು.

"ವೈರಿಲ್ದೆ ತಿರುಗಲ್ಲ ಕಣೇ. ತಿರುಗೋಕೆ ಆಗೋದೇ ಇಲ್ಲ," ಎನ್ನುತ್ತಿದ್ದರು, ಕೈ ಮಾತ್ರ ತೆಗೆಯಲಿಲ್ಲ. ಇಬ್ಬರೂ ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ. ಆಮೇಲೆ ಅದು ನಿಂತಿತು. ನಮ್ಮ ಕೈಯಲ್ಲೇ ತಣ್ಣಗಾಯಿತು.

ಕರೆಂಟ್ ಬಂದದ್ದೇ ಅವರು ವೈರ್ ತಂದರು. "ಕೊಡು, ಒಂದ್ಸಲ ಓದಿಸಿ ನೋಡ್ತೀನಿ. ಏನಾದ್ರೂ ಉಳ್ಕೊಂಡಿರಬಹುದು."

ನಾನು ಕೊಡಲಿಲ್ಲ. ಮತ್ತೆ ಬರೀ ಸೊನ್ನೆ ಎಂದು ಬಂದರೆ?

ಅದು ಹೇಗೆ ತಿರುಗಿತೋ ಇಬ್ಬರಿಗೂ ಇಂದಿಗೂ ಗೊತ್ತಿಲ್ಲ. ಡಿಸ್ಕ್ ನನ್ನ ಸೀರೆಗಳ ಅಡಿಯಲ್ಲಿದೆ. ವರ್ಷಗಳಾದರೂ ಅವರು ಆಗಾಗ ಕೇಳುತ್ತಾರೆ, ಓದಿಸಿ ನೋಡೋಣವೇ ಎಂದು.

"ನಾಳೆ ನೋಡೋಣ ರೀ," ಎನ್ನುತ್ತೇನೆ.