ಹದಿಮೂರು ಜನರ ಆಟ

೨೦೦೪ರಲ್ಲಿ ನಾನು ಸ್ಯಾನ್ ಡಿಯಾಗೋದಲ್ಲಿ ಎಂ.ಎಸ್. ಓದುತ್ತಿದ್ದೆ. ಶನಿವಾರಗಳಂದು ಪಕ್ಕದ ಕಡಲತೀರದ ಊರು ಡೆಲ್ ಮಾರ್‌ನಲ್ಲಿ ಒಂಟಿಯಾಗಿದ್ದ ಒಬ್ಬ ವೃದ್ಧರ ಮನೆಗೆ ಹೋಗುತ್ತಿದ್ದೆ. ಅವರು ಐವತ್ತರ ದಶಕದಲ್ಲಿ ಬ್ರಿಟನ್ ತಂಡಕ್ಕೆ ರಗ್ಬಿ ಲೀಗ್ ಆಡಿದವರು. ಅವರ ನೆನಪುಗಳನ್ನು ಟೇಪ್ ಮಾಡಿಕೊಂಡು, ಟೈಪ್ ಮಾಡಿ, ಒಂದು ಸಣ್ಣ ಪುಸ್ತಕ ಮಾಡಿಕೊಡುವುದು ನನ್ನ ಕೆಲಸ.

"ನನಗೆ ಮರೆವು ಶುರುವಾಗಿದೆ ಅಂತ ಮಗಳ ಅನುಮಾನ," ಎಂದು ಮೊದಲ ದಿನವೇ ಹೇಳಿದ್ದರು. "ಕಾರಿನ ಕೀ ಕಿತ್ತುಕೊಳ್ಳೋಕೆ ಕಾಯ್ತಿದ್ದಾಳೆ. ಈ ಪುಸ್ತಕ ಓದಲಿ, ಆಮೇಲೆ ಮಾತಾಡಲಿ."

ಹೆಸರು ಹಿಡಿದು ಕರೆ ಎಂದರೂ ನನಗೆ ಬಾಯಿ ಬರಲಿಲ್ಲ. ಅಂಕಲ್ ಎಂದೆ.

"ನಿಮ್ಮಪ್ಪನಿಗೆ ಇಷ್ಟು ಸೊಟ್ಟ ಮೂಗಿನ ಅಣ್ಣ ಇದಾನೇನು?" ಎಂದು ನಕ್ಕರು.

ಟೇಪಿನಲ್ಲಿ ಅವರ ಯೌವನದ ಕತೆ: ಹಗಲು ಕಲ್ಲಿದ್ದಲ ಗಣಿ, ಸಂಜೆ ಅಭ್ಯಾಸ. ಆಸ್ಟ್ರೇಲಿಯಾಕ್ಕೆ ಹೋಗುವ ಹಡಗಿನ ಡೆಕ್ಕಿನ ಮೇಲೆ ದಿನವೂ ಓಟ. ಅಲ್ಲಿನ ಒಂದು ಪಂದ್ಯದಲ್ಲಿ ಭುಜದ ಮೂಳೆ ಮುರಿದರೂ ಕೊನೆಯವರೆಗೆ ಆಡಿದರಂತೆ. "ಆಗ ಬದಲಿ ಆಟಗಾರ ಇರ್ತಿರಲಿಲ್ಲ. ನಾನು ಹೊರಗೆ ಕೂತರೆ ಮೈದಾನದಲ್ಲಿ ಹನ್ನೆರಡೇ ಜನ."

ಲೈಬ್ರರಿಯ ವಿಶ್ವಕೋಶದಲ್ಲಿ ರಗ್ಬಿ ಎಂದರೆ ಹದಿನೈದು ಜನರ ಆಟ ಎಂದಿತ್ತು. ಟೇಪಿನಲ್ಲಿ ಮೂರು ಕಡೆ ಅವರು ಸ್ಪಷ್ಟವಾಗಿ ಹದಿಮೂರು ಎಂದಿದ್ದಾರೆ. ವಯಸ್ಸಾಗಿದೆ, ಮರೆತಿದ್ದಾರೆ ಅಂದುಕೊಂಡೆ. ಹಿರಿಯರ ತಪ್ಪನ್ನು ಮುಖಕ್ಕೆ ಹೇಳಬಾರದು, ತಾನೇ ಸರಿಮಾಡಿ ಸುಮ್ಮನಿರಬೇಕು ಎಂಬುದು ನಮ್ಮ ಮನೆಯ ರೂಢಿ. ಕೇಳದೆಯೇ ತಿದ್ದಿದೆ. ಹದಿಮೂರು ಹದಿನೈದಾಯಿತು, ಹನ್ನೆರಡು ಹದಿನಾಲ್ಕಾಯಿತು. ಹತ್ತಿರದ ಸಣ್ಣ ಅಕ್ಷರ ಕಣ್ಣಿಗೆ ಹಿಡಿಯುತ್ತಿರಲಿಲ್ಲ, ಅವರು ಕರಡನ್ನು ಓದಲಿಲ್ಲ. "ನಿನ್ನ ಮೇಲೆ ನಂಬಿಕೆ ಇದೆ," ಎಂದರು.

ಅವರ ಹುಟ್ಟುಹಬ್ಬದ ಊಟ ಎರಡು-ಮೂರು ಗಂಟೆ ದಾರಿಯ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ, ಮಗಳ ಮನೆಯಲ್ಲಿ. ನಾನೇ ಡ್ರೈವ್ ಮಾಡಿ ಕರೆದುಕೊಂಡು ಹೋದೆ. ಅವರ ಊರಿನವರೇ ಆದ ಹಳೆಯ ಗೆಳೆಯರೊಬ್ಬರು ಪುಸ್ತಕ ತಿರುವಿ ಗಹಗಹಿಸಿದರು. "ಏನಪ್ಪಾ, ಹದಿನೈದು ಜನ? ಯಾವಾಗ ಆ ಕಡೆ ಸೇರಿಕೊಂಡೆ?"

ಹದಿನೈದು ಜನರ ರಗ್ಬಿಯೇ ಬೇರೆ, ಹದಿಮೂರು ಜನರ ಲೀಗ್ ಬೇರೆ ಎಂದು ಆ ಗೆಳೆಯರ ಮಾತಿನಿಂದಲೇ ನನಗೆ ತಿಳಿಯಿತು. ಕೂಲಿಗೆ ಆಡುವವರೆಂದು ಲೀಗಿನವರನ್ನು ಕ್ಲಬ್ಬಿನ ಬಾಗಿಲಿಂದಲೇ ವಾಪಸ್ ಕಳಿಸುತ್ತಿದ್ದವರ ಆಟ, ಆ ಹದಿನೈದು ಜನರದು.

ಮಗಳ ಮುಖ ಗಂಭೀರವಾಯಿತು. "ಅಪ್ಪಾ, ಎಷ್ಟು ಜನ ಆಡ್ತಿದ್ರಿ?"

"ಹದಿಮೂರು."

"ಮತ್ತೆ ಇಲ್ಲಿ?"

ಅವರು ನನ್ನ ಕಡೆ ನೋಡಿದರು. ನಾನು ತಟ್ಟೆ ನೋಡುತ್ತಿದ್ದೆ. ಅಷ್ಟು ಜನರ ಎದುರು ಬಾಯಿ ತೆರೆಯಲು ಒಂದು ಕ್ಷಣ ಸಾಕಿತ್ತು. ತೆರೆಯಲಿಲ್ಲ.

"ನಾನೇ ತಪ್ಪಿ ಹೇಳಿರಬೇಕು," ಎಂದರು.

ಹಿಂದಿರುಗುವ ದಾರಿಯಲ್ಲಿ ಬೈಯುತ್ತಾರೆಂದು ಕಾದೆ. ಸಮುದ್ರ ಕಾಣಿಸಿದ ಮೇಲೆ ಒಂದೇ ಮಾತು: "ಒಂದು ಸಲ ಕೇಳಬಹುದಿತ್ತಲ್ಲ, ಮಗು."

"ತಪ್ಪಾಯ್ತು ಅಂಕಲ್. ನಿಮ್ಮ ಮಗಳಿಗೆ ನಾನೇ ಹೇಳ್ತೀನಿ," ಎಂದೆ.

ಫೋನ್ ಕೈಗೆತ್ತಿಕೊಂಡಾಗಲೆಲ್ಲ ಪರೀಕ್ಷೆಯ ನೆಪ ಸಿಕ್ಕಿತು. ಮೂರನೆಯ ಶನಿವಾರ ಹೋದಾಗ ಗ್ಯಾರೇಜ್ ಖಾಲಿ. ಮಗಳು ಕಾರು ಮಾರಿಬಿಟ್ಟಿದ್ದಳು. ಅವರು ಎಂದಿನಂತೆ ಚಹಾ ಮಾಡಿಕೊಟ್ಟರು.

ಆ ಸೋಮವಾರ ಟೇಪನ್ನೂ ಒಂದು ಪತ್ರವನ್ನೂ ಮಗಳಿಗೆ ಪೋಸ್ಟ್ ಮಾಡಿದೆ. ಅವಳ ಉತ್ತರ ಚಿಕ್ಕದು, ಸೌಜನ್ಯದ್ದು: ತಿಳಿಸಿದ್ದಕ್ಕೆ ವಂದನೆ, ಮೊದಲೇ ತಿಳಿದಿದ್ದರೆ ಚೆನ್ನಾಗಿತ್ತು.

ಊರಿಗೆ ಮರಳುವವರೆಗೆ ಪ್ರತಿ ಶನಿವಾರ ಅವರನ್ನು ನನ್ನ ಕಾರಿನಲ್ಲೇ ಅಂಗಡಿಗೆ ಕರೆದೊಯ್ದೆ. ಪಕ್ಕದ ಸೀಟಿನಲ್ಲಿ ಕೂತ ಕೂಡಲೇ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.