ಗೌರಿ ಹಬ್ಬಕ್ಕೆ ಕೊಟ್ಟ ಎಣ್ಣೆ

ಎಂಜಿನ್ ಆಯಿಲ್ ವಿಷಯದಲ್ಲಿ ನನ್ನಷ್ಟು ತಲೆ ಕೆಡಿಸಿಕೊಂಡವರು ಆಗ ಚಾಮರಾಜನಗರದಲ್ಲಿ ಇನ್ನೊಬ್ಬರು ಇದ್ದಿರಲಾರರು. ತೊಂಬತ್ತರ ದಶಕದ ನಡುವಿನ ಮಾತು. ಹೈಸ್ಕೂಲ್ ಮೇಷ್ಟ್ರಾಗಿದ್ದ ನಾನು ಮೂರು ಕೈ ದಾಟಿ ಬಂದ ಹಳೇ ಕಾರೊಂದನ್ನು ಕೊಂಡಿದ್ದೆ. ಹರವೆ ರಸ್ತೆಯಲ್ಲಿ ಸ್ವಲ್ಪ ಏರು ಸಿಕ್ಕರೂ ಅದಕ್ಕೆ ಏದುಸಿರು, ಹಿಂದೆ ನೀಲಿ ಹೊಗೆ. ಮೆಕ್ಯಾನಿಕ್ ಸಾಬರು ಎಣ್ಣೆ ಹಾಕುವ ಮುಚ್ಚಳ ತೆಗೆದು, ಒಳಗೆ ಬೆರಳಾಡಿಸಿ, ಕಾಡಿಗೆಯಂಥ ಜಿಗುಟನ್ನು ನನ್ನ ಮೂಗಿನ ಮುಂದೆ ಹಿಡಿದರು.

"ಒಳ್ಗೆ ಪೂರಾ ಕೊಳೆ ಕೂತಿದೆ ಸಾರ್. ತೆಳ್ಳಗಿನ ಎಣ್ಣೆಗೆ ಡೀಸೆಲ್ ಬೆರೆಸಿ ಹತ್ತು ನಿಮಿಷ ನಿಂತಲ್ಲೇ ಓಡಿಸ್ತೀನಿ. ಕೊಳೆ ಬಿಟ್ಕೊಳ್ತದೆ. ಅದನ್ನ ಚೆಲ್ಲಿ ಆಮೇಲೆ ಹೊಸಾದು ಹಾಕೋದು. ತೊಳೆಯೋಕೆ ಡ್ರಮ್ಮಿನ ಲೂಸ್ ಎಣ್ಣೆ ಸಾಕು."

ಸಾಕು ಎಂದರೆ ಸುಮ್ಮನಾಗುವ ಪೈಕಿಯೇ ನಾನು? ಎಣ್ಣೆ ಅಂಗಡಿಗೆ ಹೋಗಿ ಡ್ರಮ್ಮಿನ ಎಣ್ಣೆಯನ್ನು ಬೆರಳಲ್ಲಿ ಉಜ್ಜಿದೆ, ಮೂಸಿದೆ, ಬಿಸಿಲಿಗೆ ಹಿಡಿದು ನೋಡಿದೆ. ಯಾರದೋ ಗಾಡಿಯ ಹಳೇ ಎಣ್ಣೆಯನ್ನೇ ಸೋಸಿ ಮಾರುತ್ತಿದ್ದಾರೇನೋ ಎಂದು ಅನುಮಾನ. ಅಂಗಡಿಯವನನ್ನು ಪಾಠ ಒಪ್ಪಿಸದ ಹುಡುಗನ ಹಾಗೆ ನಿಲ್ಲಿಸಿಕೊಂಡು ಅರ್ಧ ಗಂಟೆ ಪ್ರಶ್ನೆ ಕೇಳಿದೆ. ಕೊನೆಗೆ ತೊಳೆಯುವುದಕ್ಕೂ ಸೀಲ್ ಒಡೆಯದ ಡಬ್ಬವೇ ಆಗಬೇಕೆಂದು ಎರಡು ಡಬ್ಬ ಹೊತ್ತು ತಂದೆ. ಸೋಸಿದ ಎಣ್ಣೆ ನನ್ನ ಕಾರಿಗೆ ಬೇಡವಾಗಿತ್ತು, ಇದನ್ನು ನೆನಪಿಡಬೇಕು.

ಸಾಬರು ಹೇಳಿದಂತೆಯೇ ಮಾಡಿದರು. ಹತ್ತು ನಿಮಿಷದ ನಂತರ ಅಷ್ಟು ಒಳ್ಳೆಯ ಎಣ್ಣೆ ಕಪ್ಪಗೆ ಬಕೆಟ್ಟಿಗೆ ಇಳಿಯುವಾಗ ನನ್ನ ಹೊಟ್ಟೆ ಉರಿದುಹೋಯಿತು. ಚೆಲ್ಲಬೇಡಿ, ನಾನು ತೆಗೆದುಕೊಂಡು ಹೋಗುತ್ತೇನೆ ಎಂದೆ.

"ಪಾತ್ರೆ ತೊಳೆದ ನೀರು ಸಾರ್ ಇದು. ಕೊಟ್ಟಿಗೆ ಕಂಬಕ್ಕೆ ಬಳೀರಿ, ಗೆದ್ದಲು ಬರಲ್ಲ. ಯಾವ ಇಂಜಿನ್‌ಗೂ ಮಾತ್ರ ಹಾಕ್ಬೇಡಿ" ಎಂದರು. ಸ್ಪಷ್ಟವಾಗಿ ಹೇಳಿದರು, ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ. ತಿಳಿಯದೆ ಮಾಡಿದೆ ಎಂದು ಇಲ್ಲಿ ಬರೆಯುವ ಹಾಗಿಲ್ಲ.

ಬಕೆಟ್ಟನ್ನು ಹಿತ್ತಲಲ್ಲಿ ಎರಡು ದಿನ ಅಲುಗದಂತೆ ಇಟ್ಟೆ. ಕೊಳೆ ತಳ ಸೇರಿ ಮೇಲಿನದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂತು. ಹಳೇ ಪಂಚೆಯಲ್ಲಿ ಸೋಸಿ, ಅದೇ ಹೊಸ ಡಬ್ಬಕ್ಕೆ ತುಂಬಿ, ಮುಚ್ಚಳ ಬಿಗಿದು, ಹೊರಮೈ ಒರೆಸಿದೆ. ಪಳಪಳ ಹೊಳೆಯಿತು.

ಆ ವಾರವೇ ಗೌರಿ ಹಬ್ಬ. ಅಪ್ಪ ತೀರಿಕೊಂಡ ಮೇಲೆ ಬೇಗೂರಿನ ಅಕ್ಕನಿಗೆ ತವರು ಎಂದರೆ ನಾನೊಬ್ಬನೇ. ಅವಳಿಗೂ ಭಾವನಿಗೂ ಹಿಟ್ಟಿನ ಗಿರಣಿಯಿತ್ತು. ಕರೆಂಟು ಯಾವಾಗ ಹೋಗುತ್ತದೋ ಎಂದು ಡೀಸೆಲ್ ಎಂಜಿನ್ನಿನಲ್ಲೇ ಓಡಿಸುತ್ತಿದ್ದರು. ನಾನು ಗುಂಡ್ಲುಪೇಟೆ ಮೇಲೆ ಕಾರು ಓಡಿಸಿಕೊಂಡು ಹೋಗಿ, ಹೂವು, ಬಳೆ, ರವಿಕೆ ಕಣದ ಜೊತೆಗೆ ಆ ಡಬ್ಬವನ್ನೂ ಅವಳ ಮುಂದಿಟ್ಟೆ. ಸೀರೆ ತಂದಿರಲಿಲ್ಲ. ಕಾರು ಕೊಂಡ ವರ್ಷ ಸೀರೆಗೆ ನನ್ನ ಕೈ ಹಿಂದೆಗೆದಿತ್ತು, ಡಬ್ಬ ಆ ಜಾಗ ತುಂಬಿತು.

"ನೋಡಿದ್ರಾ, ನನ್ ತಮ್ಮ ನಮ್ ಇಂಜಿನ್‌ಗೂ ಹಬ್ಬ ಮಾಡ್ಸವ್ನೆ" ಎಂದು ಅಕ್ಕ ಭಾವನ ಮುಂದೆ ಹಿಗ್ಗಿದಳು. ರಾಗಿ ಬೀಸಿಸಲು ಬಂದಿದ್ದ ಹೆಂಗಸರಿಗೂ ಡಬ್ಬ ತೋರಿಸಿದಳು. ಹೊಸದೇ ಎಂದು ಯಾರೂ ಕೇಳಲಿಲ್ಲ. ಹೊಸದಲ್ಲ ಎಂದು ನಾನೂ ಹೇಳಲಿಲ್ಲ. ಒಬ್ಬಟ್ಟು ತಿಂದು ಬಂದೆ.

ಹದಿನೈದು ದಿನಕ್ಕೆ ಸುದ್ದಿ ಬಂತು, ಗಿರಣಿ ನಿಂತಿದೆ. ಬೇರಿಂಗ್ ಸವೆದು ಎಂಜಿನ್ ಜಾಮ್ ಆಗಿತ್ತು. ಎಲ್ಲವನ್ನೂ ಹೇಳಿಬಿಡಬೇಕೆಂದೇ ಭಾನುವಾರ ಬೇಗೂರಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಗಿರಣಿ ಬಾಗಿಲು ಹಾಕಿತ್ತು. ಭಾವ ಜಗಲಿಯ ಮೇಲೆ ಕೂತಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

"ನಿಮ್ಮಕ್ಕ ಮಾಡಿರೋ ಕೆಲ್ಸ ಕೇಳ್ದಾ? ನೀನು ಅಂಥ ಒಳ್ಳೆ ಎಣ್ಣೆ ತಂದ್ಕೊಟ್ರೆ, ಅರ್ಧ ಡೀಸೆಲ್ ಇದ್ದ ಕ್ಯಾನ್‌ಗೆ ಸುರ್ದು ಬೆರೆಸಿ ಇಂಜಿನ್‌ಗೆ ಹುಯ್ದವ್ಳೆ. ಗುಂಡ್ಲುಪೇಟೆ ಮೇಸ್ತ್ರಿ ಮೂಸ್ ನೋಡ್ದೇಟ್ಗೇ ಅಂದ, ಇದ್ರಲ್ಲಿ ಡೀಸೆಲ್ ಅದೆ ಅಂತ. ಕೇಳುದ್ರೆ ಆಗ ಬಾಯ್ ಬುಟ್ಲು. ಕಣ್ಣು ಎಲ್ಲಿಟ್ಟಿದ್ಯಮ್ಮಿ?" ಎಂದು ಒಳಗಿದ್ದ ಅಕ್ಕನ ಕಡೆಗೂ ಕೂಗಿದರು.

ಅಕ್ಕ ಒಳಗಿನಿಂದ ನೀರು ತಂದಳು. "ಹೂಂ ಕಣಪ್ಪ, ನಾನೇ ಕ್ಯಾನ್‌ನಲ್ಲಿ ಏನದೆ ಅಂತ ನೋಡ್ದೇನೇ ಸುರ್ದ್‌ಬುಟ್ಟೆ" ಎಂದು ಲೋಟ ನನ್ನ ಕೈಗಿತ್ತಳು. ಕಣ್ಣು ನನ್ನ ಮೇಲೇ ಇತ್ತು. ಅವಳಿಗೆ ಗೊತ್ತು ಎಂದು ನನಗೆ ಆಗಲೇ ಗೊತ್ತಾಯಿತು. ತನ್ನ ಕೈಯಾರೆ ಸುರಿದವಳು, ಬಣ್ಣ ನೋಡಿದ್ದಳು, ವಾಸನೆ ಹಿಡಿದಿದ್ದಳು; ಮೇಸ್ತ್ರಿ ಡೀಸೆಲ್ ಎಂದಾಗ ಅದು ಡಬ್ಬದಲ್ಲೇ ಇದ್ದದ್ದು ಎಂದು ತಿಳಿದಿರಬೇಕು. ನಾನು ಬಾಯಿ ತೆರೆಯಬೇಕಾದ ಗಳಿಗೆ ಅದು. ನೀರು ಕುಡಿದೆ. ಭಾವ ಬೈಯುತ್ತಲೇ ಇದ್ದರು, ಅವಳು ತಲೆ ತಗ್ಗಿಸಿ ಕೇಳುತ್ತಲೇ ಇದ್ದಳು. ಊಟಕ್ಕೆ ಕರೆದಳು, ಹೋಗಿ ಉಂಡೆ. ಎರಡನೇ ಸಲ ಸಾರು ಹಾಕಿಸಿಕೊಂಡಿದ್ದೂ ನೆನಪಿದೆ. ನಾಚಿಕೆಗೆಟ್ಟವನು ನಾನು.

ಹೊರಡುವಾಗ ಕಾರಿನ ಹತ್ತಿರ ಬಂದಳು. "ಅಕ್ಕಾ, ಆ ಎಣ್ಣೆ..." ಎಂದೆ.

"ಬುಡು. ಮುಂದಿನ್ ಗೌರಿಗೆ ಬರಿಗೈಲಿ ಬಾ" ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಬರಿಗೈಲಿ ಬಂದ್ರೆ ನಂಗೆ ಸುಳ್ಳೇಳಾದಾದ್ರೂ ತಪ್ತದೆ."

ಗಿರಣಿ ಮತ್ತೆ ಓಡುವಷ್ಟರಲ್ಲಿ ತಿಂಗಳು ದಾಟಿತು. ಭಾವನ ಸಿಟ್ಟೂ ಇಳಿದು ಅದು ಮನೆಯ ತಮಾಷೆಯಾಯಿತು. ಮದುವೆ, ನಾಮಕರಣ, ಎಲ್ಲಿ ನಾಲ್ಕು ಜನ ಸೇರಿದರೂ, ಇವಳ ಕೈಗೆ ಎಣ್ಣೆ ಡಬ್ಬ ಕೊಡಬೇಡಿ ಎಂದು ಭಾವ ಇಂದಿಗೂ ಆ ಕಥೆ ತೆಗೆಯುತ್ತಾರೆ. ಎಲ್ಲರೂ ನಗುತ್ತಾರೆ. ಅಕ್ಕನೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾಳೆ. ಪಕ್ಕದಲ್ಲಿ ಕೂತು ನಾನೂ ನಗುತ್ತೇನೆ.